ಕೆರೆಗೂ ಮುಂಚೆ ಒಂದು ಹೊಂಡ

ರಾಮದೇವರ ಬೆಟ್ಟದ ಬಂಡೆಗೂ ಅದರ ತಪ್ಪಲಿನ ಹೊಲದ ಕೆಮ್ಮಣ್ಣಿಗೂ ಇರುವ ವ್ಯತ್ಯಾಸ ವಯಸ್ಸಿನದು ಅಷ್ಟೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಕ್ಲೋಸ್‌ಪೇಟೆ ಅನ್ನುವುದು ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು. ಬಿಸಿಲು ಮಳೆಗೆ ಮೈಯೊಡ್ಡಿದ ಬಂಡೆ ನಿಧಾನವಾಗಿ ಸಡಿಲಗೊಳ್ಳುವಾಗ ಅದರೊಳಗಿನ ಖನಿಜಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ. ಬೆಣಚು ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ನೀರಿನ ಸಹವಾಸದಲ್ಲಿ ಮಾರ್ಪಟ್ಟು ಜೇಡಿಯಾಗುತ್ತದೆ. ಮಕ್ಕಳು ಕಾಗೆಬಂಗಾರ ಎಂದು ಹೆಕ್ಕುವ ಅಭ್ರಕ ಚೂರುಚೂರಾಗಿ, ಮಿನುಗುತ್ತ, ಎಲ್ಲದರ ನಡುವೆ ಸೇರಿಕೊಳ್ಳುತ್ತದೆ. ಕಬ್ಬಿಣದ ಅಂಶ ತುಕ್ಕು ಹಿಡಿದು ಇಡೀ ರಾಶಿಗೆ ಕೆಂಪು ಬಳಿಯುತ್ತದೆ. ಮಾಗಡಿಯ ಸಾವನದುರ್ಗದಿಂದ ಕನಕಪುರದ ಕಾಡಂಚಿನವರೆಗೆ ಮನೆ ಕಟ್ಟಲು, ಲೇಔಟ್ ಮಾಡಲು, ರಸ್ತೆ ಅಗಲಿಸಲು ಜೆಸಿಬಿ ಇಳಿದ ಕಡೆಯೆಲ್ಲ ಹೆಚ್ಚಾಗಿ ಮೇಲೆ ಬರುವುದು ಈ ಮಿಶ್ರಣವೇ. ಅದರ ಮೇಲೆ ಹುಲ್ಲು, ಬೇರು, ಬೆಳೆ ಇದ್ದಷ್ಟು ದಿನ ಅದು ನೆಲ. ಬಗೆದು ಬಯಲಿಗಿಟ್ಟ ಮೇಲೆ ಬರುವ ಮೊದಲ ಬಿರುಮಳೆಗೆ ಅದು ಬಗ್ಗಡ.

ಆ ಬಗ್ಗಡವನ್ನು ಸೈಟಿನ ಗಡಿಯೊಳಗೇ ತಡೆದು, ಮಣ್ಣನ್ನು ತಳಕ್ಕೆ ಇಳಿಸಿ, ನೀರನ್ನು ಮಾತ್ರ ಆಚೆ ಬಿಡಲು ತೋಡುವ ತಾತ್ಕಾಲಿಕ ಹೊಂಡವೊಂದಿದೆ. ಎಂಜಿನಿಯರಿಂಗ್ ಪುಸ್ತಕಗಳಲ್ಲಿ ಅದಕ್ಕೊಂದು ಅಧ್ಯಾಯ ಇರುತ್ತದೆ. ನಮ್ಮ ಸೈಟುಗಳಲ್ಲಿ ಅದು ಕಾಣುವುದು ಕಡಿಮೆ, ಕಂಡರೂ ಬಾವಿಯಂಥ ಗುಂಡಿಯೊಂದರ ರೂಪದಲ್ಲಿ. ಗುಂಡಿ ಆಳವಾದಷ್ಟೂ ಮಣ್ಣು ಚೆನ್ನಾಗಿ ಕೂರುತ್ತದೆ ಅನ್ನುವುದು ಸಹಜ ಊಹೆ. ಆ ಊಹೆ ತಪ್ಪು. ಹೊಂಡದ ಕೆಲಸವನ್ನು ತೀರ್ಮಾನಿಸುವುದು ಅದರ ಮೇಲ್ಮೈಯ ಹರವು, ಮತ್ತು ನೀರು ಹೊರಬೀಳುವ ಬಾಯಿ ಎಲ್ಲಿದೆ ಅನ್ನುವುದು. ಇವೆರಡು ಸರಿಯಿಲ್ಲದ ಹೊಂಡ ಮಣ್ಣಿಗೆ ಬಸ್ ನಿಲ್ದಾಣವಿದ್ದ ಹಾಗೆ: ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಮುಂದಿನ ಊರಿಗೆ ಹೋಗುತ್ತದೆ.

ಇದನ್ನು ಒಪ್ಪಿಸಲು ಪ್ರಯೋಗಾಲಯ ಬೇಕಿಲ್ಲ, ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಸಾಕು. ಎರಡು ಹಿಡಿ ಕೆಮ್ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಜಗಲಿಯ ಮೇಲೆ ಇಡಿ. ಕೈಬಿಟ್ಟ ಕ್ಷಣದಿಂದಲೇ ತಳದಲ್ಲಿ ಮರಳು ಕೂರತೊಡಗುತ್ತದೆ. ಒಂದು ನಿಮಿಷ ಕಳೆಯುವುದರೊಳಗೆ ಅದರ ಆಟ ಮುಗಿದಿರುತ್ತದೆ. ಮುಂದಿನ ಒಂದೆರಡು ಗಂಟೆಯಲ್ಲಿ ಮರಳಿನ ಮೇಲೆ ನಯವಾದ ರೇವೆಯ ಪದರ ಕಟ್ಟುತ್ತದೆ. ಮಾರನೆಯ ಬೆಳಗ್ಗೆ ನೋಡಿದರೂ ಮೇಲಿನ ನೀರು ಮಾತ್ರ ಇನ್ನೂ ಕೆಂಪಗೇ ಇರುತ್ತದೆ. ಆ ಕೆಂಪೇ ಜೇಡಿ. ಮೂರೂ ಒಂದೇ ನೀರಿನಲ್ಲಿ, ಒಂದೇ ಗುರುತ್ವದಡಿ ಬೀಳುತ್ತಿದ್ದರೂ ಇಷ್ಟು ವ್ಯತ್ಯಾಸ ಏಕೆ ಎಂಬುದಕ್ಕೆ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಲೆಕ್ಕ ಕೊಟ್ಟ. ನಿಂತ ನೀರಿನಲ್ಲಿ ಸಣ್ಣ ಕಣವೊಂದು ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ: ಗಾತ್ರ ಅರ್ಧವಾದರೆ ವೇಗ ಕಾಲುಭಾಗ, ಗಾತ್ರ ಹತ್ತರಲ್ಲೊಂದಾದರೆ ವೇಗ ನೂರರಲ್ಲೊಂದು. ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ 0.02 ಮಿ.ಮೀ. ವ್ಯಾಸದ ರೇವೆಕಣ ಒಂದು ಮೀಟರ್ ಇಳಿಯಲು ಹೆಚ್ಚುಕಡಿಮೆ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. 0.002 ಮಿ.ಮೀ. ಅಂದರೆ ಜೇಡಿಯ ಮೇಲ್ಮಿತಿ. ಅಷ್ಟು ಸಣ್ಣ ಕಣಕ್ಕೆ ಅದೇ ಒಂದು ಮೀಟರಿಗೆ ಮೂರು ದಿನ ದಾಟುತ್ತದೆ. ಅದಕ್ಕಿಂತ ಸಣ್ಣವು ವಾರಗಟ್ಟಲೆ ತೇಲಾಡುತ್ತವೆ. ಅಭ್ರಕದ ಚೂರು ಇನ್ನೂ ಸೋಮಾರಿ, ಒಣಗಿದ ಎಲೆಯ ಹಾಗೆ ಅಡ್ಡಡ್ಡ ತೂಗುತ್ತ ಇಳಿಯುತ್ತದೆ. ನೀರು ಬೆಚ್ಚಗಿದ್ದರೆ ಅದರ ಸ್ನಿಗ್ಧತೆ ಕಡಿಮೆಯಾಗಿ ಎಲ್ಲವೂ ತುಸು ಬೇಗ ಇಳಿಯುತ್ತವೆ. ಚಳಿದೇಶದ ಪುಸ್ತಕದ ಲೆಕ್ಕಕ್ಕಿಂತ ನಮ್ಮ ಹೊಂಡಗಳಿಗೆ ಸಿಗುವ ಸಣ್ಣ ರಿಯಾಯಿತಿ ಅದು.

ಬಾಟಲಿಯ ನೀರು ನಿಂತ ನೀರು. ಮಳೆ ಬರುವಾಗ ಹೊಂಡದ ನೀರು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುತ್ತಿರುತ್ತದೆ. ಆಗ ಏನಾಗುತ್ತದೆ ಎಂದು ತಿಳಿಯಲು ಕಣದಲ್ಲಿ ರಾಗಿ ತೂರುವುದನ್ನು ನೆನೆಸಿಕೊಂಡರಾಯಿತು. ಮೊರದಿಂದ ಸುರಿದ ರಾಶಿಯಲ್ಲಿ ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ, ಜೊಳ್ಳು ಒಂದಷ್ಟು ದೂರ, ಹೊಟ್ಟು ಕಣದ ಆಚೆ. ಗಾಳಿ ಜೋರಾದರೆ ಕಣ ಉದ್ದ ಬೇಕು. ಕಣದಲ್ಲಿ ಹಳ್ಳ ತೋಡಿದರೆ ರಾಗಿ ಬೇಗ ಬಿದ್ದೀತು ಎಂದು ಯಾವ ರೈತನೂ ಅಂದುಕೊಳ್ಳುವುದಿಲ್ಲ. ಅಮೆರಿಕದ ಎಂಜಿನಿಯರ್ ಅಲೆನ್ ಹೇಜನ್ 1904ರಲ್ಲಿ ನೀರಿನ ತೊಟ್ಟಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ ತೋರಿಸಿದ್ದು ಹತ್ತಿರತ್ತಿರ ಇದನ್ನೇ. ಹೊಂಡವನ್ನು ಎರಡರಷ್ಟು ಆಳ ಮಾಡಿದಿರಿ ಅನ್ನಿ. ನೀರು ಒಳಗೆ ಉಳಿಯುವ ಹೊತ್ತು ಎರಡರಷ್ಟಾಗುತ್ತದೆ, ನಿಜ. ಆದರೆ ಕಣ ತಳ ಮುಟ್ಟಲು ಇಳಿಯಬೇಕಾದ ದೂರವೂ ಎರಡರಷ್ಟಾಯಿತು. ಒಂದನ್ನೊಂದು ಹೊಡೆದುಹಾಕಿ ಲೆಕ್ಕದಿಂದ ಆಳವೇ ಬಿದ್ದುಹೋಗುತ್ತದೆ. ಉಳಿಯುವುದು ಎರಡೇ: ಸೆಕೆಂಡಿಗೆ ಎಷ್ಟು ನೀರು ಬರುತ್ತಿದೆ, ಅದು ಹರಡಿಕೊಳ್ಳಲು ಎಷ್ಟು ವಿಸ್ತಾರ ಇದೆ. ಬರುವ ನೀರನ್ನು ವಿಸ್ತಾರದಿಂದ ಭಾಗಿಸಿದರೆ ಒಂದು ವೇಗ ಸಿಗುತ್ತದೆ. ಅದಕ್ಕಿಂತ ಬೇಗ ಇಳಿಯುವ ಕಣ ಹೊಂಡದಲ್ಲಿ ಉಳಿಯುತ್ತದೆ, ನಿಧಾನಿಯಾದದ್ದರಲ್ಲಿ ಬಹುಪಾಲು ಕೈತಪ್ಪುತ್ತದೆ. ಆಳ ಬೇಡವೇ ಬೇಡ ಎಂದಲ್ಲ. ಕೂತ ಹೂಳಿಗೆ ಜಾಗ ಬೇಕು, ರಭಸದ ನೀರು ಅದನ್ನು ಮತ್ತೆ ಕೆದಕದಷ್ಟು ದೂರದಲ್ಲಿರಬೇಕು. ಅದಕ್ಕೆ ಒಂದು ಮೀಟರಿನ ಆಸುಪಾಸು ಸಾಕು.

ಈಗ ಇದನ್ನು ಒಂದು ಲೇಔಟಿಗೆ ಅನ್ವಯಿಸಿ ನೋಡೋಣ. ಬಿಡದಿಯ ಕಡೆಯೋ ಕನಕಪುರ ರಸ್ತೆಯಲ್ಲೋ ಒಂದು ಹೆಕ್ಟೇರ್, ಅಂದರೆ ಎರಡೂವರೆ ಎಕರೆಯಷ್ಟು ನೆಲವನ್ನು ಬೋಳು ಮಾಡಿ ಮಟ್ಟ ಮಾಡಿದ್ದಾರೆ. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿಯಿತು, ದಿನವೂ ನಡೆಯುವಂಥದಲ್ಲ, ಆದರೆ ಚಿತ್ತೆಯ ಗುಡುಗುಮಳೆಗೆ ಆಗದ ಮಾತೂ ಅಲ್ಲ. ಅರ್ಧ ನೀರು ಇಂಗಿತು, ಅರ್ಧ ಹರಿಯಿತು ಎಂದು ಹಿಡಿದರೆ ಹೊಂಡಕ್ಕೆ ಬರುವುದು 250 ಘನ ಮೀಟರ್, ಸೆಕೆಂಡಿಗೆ ಸುಮಾರು 70 ಲೀಟರ್. ಲೀಟರಿಗೆ 10 ಗ್ರಾಂ ಮಣ್ಣು ಬೆರೆತಿದೆ ಅಂದುಕೊಂಡರೆ ಆ ಒಂದು ಗಂಟೆಯಲ್ಲಿ ಹೊರಟದ್ದು ಎರಡೂವರೆ ಟನ್, ಹೆಚ್ಚುಕಡಿಮೆ ಒಂದು ಟ್ರ್ಯಾಕ್ಟರ್ ಲೋಡು. ಇದರಲ್ಲಿ 0.02 ಮಿ.ಮೀ.ವರೆಗಿನ ರೇವೆಯನ್ನು ಹಿಡಿಯಲು ಹೇಜನ್ ಲೆಕ್ಕದ ಪ್ರಕಾರ 190 ಚದರ ಮೀಟರ್ ಹರವು ಬೇಕು. ನೀರು ಎಲ್ಲ ಕಡೆ ಸಮನಾಗಿ ಹರಡದು ಎಂಬ ಅಳುಕಿಗೆ ತುಸು ಸೇರಿಸಿ 230 ಅನ್ನೋಣ. ನಮ್ಮ ಕಡೆಯ ಅಳತೆಯಲ್ಲಿ ಹೇಳುವುದಾದರೆ ಎರಡು ತರ್ಟಿ-ಫಾರ್ಟಿ ಸೈಟು. ಆ ಹರವಿನಲ್ಲಿ 250 ಘನ ಮೀಟರ್ ನೀರು ನಿಲ್ಲಿಸಲು ಆಳ ಒಂದು ಮೀಟರಿಗಿಂತ ಸ್ವಲ್ಪವೇ ಜಾಸ್ತಿ ಬೇಕಾಗುತ್ತದೆ. ಅಮೆರಿಕದ ಪರಿಸರ ಸಂಸ್ಥೆಯ ನಿಯಮದಲ್ಲಿರುವ ಎಕರೆಗೆ 3,600 ಘನ ಅಡಿ ಎಂಬ ಅಳತೆಯನ್ನು ಬದಲಾಯಿಸಿಕೊಂಡರೂ ಹೆಕ್ಟೇರಿಗೆ 250 ಘನ ಮೀಟರೇ ಬರುತ್ತದೆ. ಇದು ಕಾಕತಾಳೀಯ ಇರಬಹುದು, ಹಾಗಾಗಿ ಅದರ ಮೇಲೆ ಹೆಚ್ಚು ಭಾರ ಹಾಕುವುದು ಬೇಡ. ಹೊಂಡ ಚೌಕಾಕಾರವಾಗಿದ್ದು ಒಳದಾರಿಯೂ ಹೊರದಾರಿಯೂ ಅಕ್ಕಪಕ್ಕ ಇದ್ದರೆ ಮಾತ್ರ ಈ ಅಂಕಿಗಳಿಗೆ ಬೆಲೆಯಿಲ್ಲ. ನೀರು ಅಡ್ಡದಾರಿ ಹಿಡಿದು ಹೊರಟುಬಿಡುತ್ತದೆ, ಉಳಿದ ಹೊಂಡ ಸುಮ್ಮನೆ ಕೂತಿರುತ್ತದೆ. ಉದ್ದ ಅಗಲದ ಎರಡರಷ್ಟಾದರೂ ಇರಬೇಕು, ಒಳಹರಿವು ಒಂದು ತುದಿಯಲ್ಲಿ, ಹೊರಹರಿವು ಎದುರು ತುದಿಯಲ್ಲಿ.

ಇನ್ನು ಜೇಡಿ. ಅದನ್ನೂ ಹರಿಯುವ ನೀರಿನಿಂದಲೇ ಹಿಡಿಯುತ್ತೇವೆ ಎಂದು ಹೊರಟರೆ ವೇಗ ನೂರನೇ ಒಂದು ಭಾಗವಾದ್ದರಿಂದ ಹರವು ನೂರು ಪಟ್ಟು ಬೇಕು. ಒಂದು ಹೆಕ್ಟೇರ್ ಸೈಟಿಗೆ ಸುಮಾರು ಎರಡು ಹೆಕ್ಟೇರ್ ಹೊಂಡ! ಈ ಅಂಕಿಯನ್ನು ಮುಂದಿಟ್ಟು ಹೊಂಡಗಳೇ ನಿರುಪಯೋಗಿ ಎಂದು ವಾದಿಸುವವರಿದ್ದಾರೆ. ಅವರ ಲೆಕ್ಕ ಸರಿ, ತೀರ್ಮಾನ ಅರ್ಧ ಸರಿ. ಮಳೆ ಒಂದು ಗಂಟೆಯಲ್ಲಿ ತಂದದ್ದನ್ನು ಹೊಂಡ ಒಂದು ಗಂಟೆಯಲ್ಲೇ ಬಿಟ್ಟುಕೊಡಬೇಕೆಂದೇನೂ ಇಲ್ಲ. ಅಷ್ಟನ್ನೂ ಹಿಡಿದಿಟ್ಟು ಎರಡು ದಿನದ ಅವಧಿಯಲ್ಲಿ, ಮೇಲಿನಿಂದ, ತೆಳುವಾಗಿ ಬಿಡುತ್ತ ಹೋದರೆ ಹೊಂಡ ಮತ್ತೆ ನಮ್ಮ ಜಗಲಿಯ ಬಾಟಲಿಯಾಗುತ್ತದೆ. ನಿಂತ ನೀರಿನಲ್ಲಿ ಎರಡು ದಿನಕ್ಕೆ 0.002 ಮಿ.ಮೀ. ಕಣ 60 ಸೆಂಟಿಮೀಟರ್ ಇಳಿದಿರುತ್ತದೆ. ಗಾಳಿ ಕಲಕದಿದ್ದರೆ ಎಂಬ ಷರತ್ತಿನೊಂದಿಗೆ ಹೇಳುವುದಾದರೆ, ಮೇಲಿನ ಅರ್ಧ ಮೀಟರಿನಲ್ಲಿ ಅಷ್ಟು ಗಾತ್ರದವು ಉಳಿದಿರುವುದಿಲ್ಲ. ಅದಕ್ಕೂ ಸಣ್ಣವು ಉಳಿಯುತ್ತವೆ, ನೀರಿಗೆ ಕೆಂಪು ಛಾಯೆ ಉಳಿಯುತ್ತದೆ. ಅವನ್ನು ಒಂದಕ್ಕೊಂದು ಅಂಟಿಸಿ ದೊಡ್ಡದು ಮಾಡುವುದೊಂದೇ ಉಪಾಯ. ಕೊಡದ ನೀರಿಗೆ ಪಟಿಕ ಆಡಿಸುವುದು, ನುಗ್ಗೆಬೀಜದ ಪುಡಿ ಬೆರೆಸುವುದು ಇದೇ ತತ್ವ: ಜೇಡಿಕಣಗಳ ಮೇಲಿರುವ ಋಣ ವಿದ್ಯುದಂಶ ಒಂದನ್ನೊಂದು ದೂರ ತಳ್ಳುತ್ತಿರುತ್ತದೆ, ಧನ ಅಂಶದ ವಸ್ತುವೊಂದು ಸೇರಿದರೆ ಜಗಳ ನಿಂತು ಗುಂಪು ಕಟ್ಟಿಕೊಂಡು ಇಳಿಯುತ್ತವೆ. ಕೊಡಕ್ಕೆ ಸರಿಯಾದದ್ದು ಹೊಂಡಕ್ಕೂ ಆಗುತ್ತದೆ, ಆದರೆ ಅಳತೆ ತಪ್ಪಿ ಸುರಿದ ಪಟಿಕ ನೀರನ್ನು ಹುಳಿಯಾಗಿಸಿ ಕೆಳಗಿನ ಮೀನಿಗೆ ಮುಳುವಾಗುತ್ತದೆ. ಅದಕ್ಕಿಂತ ನೆಲ ಬಗೆಯುವುದನ್ನೇ ಹಂತಹಂತವಾಗಿ ಮಾಡುವುದು, ಬಗೆದ ಇಳಿಜಾರಿಗೆ ಹುಲ್ಲನ್ನೋ ತೆಂಗಿನ ಗರಿಯನ್ನೋ ಹೊದಿಸುವುದು ಅಗ್ಗ. ಹೊರಡದ ಜೇಡಿಯನ್ನು ಹಿಡಿಯುವ ಗೋಜೇ ಇಲ್ಲ.

ನೀರನ್ನು ಮೇಲಿನಿಂದ ಬಿಡಬೇಕು ಅಂದೆ. ಹೊಂಡಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಏರಿ ಹಾಕುವಾಗಲೇ ತಳಕ್ಕೊಂದು ಸಿಮೆಂಟ್ ಪೈಪ್ ಇಟ್ಟುಬಿಡುವುದು ಸುಲಭ, ನೀರು ಪೂರ್ತಿ ಖಾಲಿಯಾಗುತ್ತದೆ ಅನ್ನುವ ಸಮಾಧಾನ ಬೇರೆ. ಆದರೆ ಅತಿ ದಪ್ಪ ಕೆಸರು ಇರುವುದು ತಳದಲ್ಲೇ. ಕಷ್ಟಪಟ್ಟು ಕೂರಿಸಿದ್ದನ್ನು ಆ ಪೈಪ್ ಮೊದಲು ಹೊರಹಾಕುತ್ತದೆ. ನಮ್ಮ ಕೆರೆಗಳಲ್ಲಿ ತೂಬು ಕೆಳಗಿದೆ ನಿಜ, ಅದು ಗದ್ದೆಗೆ ಕೊನೆಯ ಹನಿಯವರೆಗೂ ನೀರು ಕೊಡಬೇಕಾದ ತೂಬು. ಕೋಡಿ ಮೇಲಿದೆ, ಅದು ಹೆಚ್ಚಾದದ್ದನ್ನು ಬಿಟ್ಟು ಏರಿಯನ್ನು ಉಳಿಸಲು. ಚನ್ನಪಟ್ಟಣದ ಬಳಿಯ ಕಣ್ವ ಜಲಾಶಯದಲ್ಲಿ 1940ರ ದಶಕದ ಎಂಜಿನಿಯರುಗಳು ಕೋಡಿಯ ಜಾಗದಲ್ಲಿ ಸೈಫನ್‌ಗಳನ್ನು ಇಟ್ಟರು. ಮಟ್ಟ ಏರಿದರೆ ಯಾರೂ ಬಾಗಿಲೆತ್ತದೆ ತಾವಾಗಿ ಎಳೆದುಕೊಳ್ಳುತ್ತವೆ. ಮಣ್ಣಿನ ಹೊಂಡಕ್ಕೆ ಬೇಕಾದದ್ದು ಮೂರನೆಯ ಬಗೆ, ನೀರಿನ ಮಟ್ಟದ ಜೊತೆ ತಾನೂ ಇಳಿಯುವ ಬಾಯಿ. ನಾಲ್ಕಿಂಚಿನ ಪಿವಿಸಿ ಪೈಪಿನ ಒಂದು ತುದಿಯನ್ನು ಏರಿಯೊಳಗಿನ ಪೈಪಿಗೆ ಬಾಗುವ ಹೋಸಿನಿಂದ ಸೇರಿಸಿ, ಇನ್ನೊಂದು ತುದಿಗೆ ಎರಡು ಖಾಲಿ ಕ್ಯಾನು ಕಟ್ಟಿ, ನೀರಿನ ಮೇಲ್ಮೈಗಿಂತ ನಾಲ್ಕು ಬೆರಳು ಕೆಳಗೆ ಒಂದು ತೂತು ಕೊರೆದರೆ ಅದು ತಯಾರು. ತೂತಿನ ಅಳತೆಯೇ ಎರಡು ದಿನದ ಲೆಕ್ಕವನ್ನು ಕಾಯುತ್ತದೆ. ಅಮೆರಿಕ 2009ರಲ್ಲಿ ಕಟ್ಟಡ ಸೈಟುಗಳ ಹೊಂಡದಿಂದ ನೀರು ಬಿಡುವಾಗ ಮೇಲ್ಮೈಯಿಂದಲೇ ಬಿಡಬೇಕೆಂದು ನಿಯಮ ಮಾಡಿತು. ಅಲ್ಲಿನ ನಾರ್ತ್ ಕೆರೊಲಿನಾದಲ್ಲಿ ಹೊಂಡದ ಅಡ್ಡಕ್ಕೆ ಎರಡು ಮೂರು ಕಡೆ ತೆಂಗಿನ ನಾರಿನ ಪರದೆ ಕಟ್ಟುತ್ತಾರೆ. ನುಗ್ಗಿದ ನೀರು ಪರದೆಯ ಸಾವಿರ ಕಿಂಡಿಗಳಲ್ಲಿ ಹಂಚಿಹೋಗಿ ರಭಸ ಕಳೆದುಕೊಂಡು ಇಡೀ ಅಗಲಕ್ಕೆ ಹರಡುತ್ತದೆ. ತೆಂಗು ಬೆಳೆಯದ ನಾಡಿನವರು ನಾರು ತರಿಸಿಕೊಂಡು ಮಾಡುವ ಕೆಲಸ ಇದು. ಚನ್ನಪಟ್ಟಣದ ತೋಟಗಳಲ್ಲಿ ಸಿಪ್ಪೆಯ ಗುಡ್ಡೆಗೇನೂ ಬರವಿಲ್ಲ.

ಇಷ್ಟೆಲ್ಲ ಯಾಕೆ, ಕೆಳಗೆ ಕೆರೆ ಇದೆಯಲ್ಲ ಅನ್ನುವುದು ಮೊದಲ ಆಕ್ಷೇಪ. ಕೇಳಲು ಉಡಾಫೆ ಅನ್ನಿಸಿದರೂ ಭೌತಶಾಸ್ತ್ರದ ದೃಷ್ಟಿಯಿಂದ ಇದು ಗಟ್ಟಿ ಮಾತು. ಹೇಜನ್ ಲೆಕ್ಕದಲ್ಲಿ ಕೆರೆಯಂಥ ಹೊಂಡ ಇನ್ನೊಂದಿಲ್ಲ: ಹತ್ತಾರು ಎಕರೆ ಹರವು, ಕಡಿಮೆ ಆಳ, ಒಳಹರಿವಿನಿಂದ ದೂರದಲ್ಲಿ ಕೋಡಿ. ಬಂದ ಮಣ್ಣನ್ನು ಅದು ಬಿಡುವುದಿಲ್ಲ. ಅದರ ಸಾವಿಗೆ ಕಾರಣವೂ ಅದೇ. ಹಳ್ಳ ಕೆರೆಯಂಗಳ ಸೇರುವ ತಲೆಯಲ್ಲಿ ಮರಳು ಬೀಳುತ್ತದೆ, ಅದರಾಚೆ ರೇವೆ, ನಡುವೆ ಜೇಡಿ. ಅಂಗಳ ಮೇಲೇರಿ ಜಾಲಿ ಹುಟ್ಟುತ್ತದೆ, ಜಾಲಿ ಹುಟ್ಟಿದ ಜಾಗಕ್ಕೆ ಒತ್ತುವರಿಯ ಕಣ್ಣು ಬೀಳುತ್ತದೆ, ನೀರು ನಿಲ್ಲುವ ಜಾಗ ಕುಗ್ಗಿದಷ್ಟೂ ಕೋಡಿ ಬೇಗ ಬೀಳುತ್ತದೆ. ಕೆರೆಯವರೆಗೂ ಹೋಗದ ಮಣ್ಣು ದಾರಿಯ ಮೋರಿ, ಕಾಲುವೆಗಳಲ್ಲಿ ಉಳಿಯುತ್ತದೆ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರ, ಚನ್ನಪಟ್ಟಣದ ಆಸುಪಾಸಿನಲ್ಲಿ ಕೆರೆಗಳು ತುಂಬಿ ಹರಿದು ಹೆದ್ದಾರಿಯ ಮೇಲೇ ನೀರು ನಿಂತಿತ್ತು. ಅದಕ್ಕೆ ಮಳೆಯ ಪ್ರಮಾಣವೇ ಮೊದಲ ಕಾರಣ, ಎಲ್ಲವನ್ನೂ ಹೂಳಿನ ತಲೆಗೆ ಕಟ್ಟುವುದು ಅನ್ಯಾಯ. ಆದರೆ 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ವಾರ ತುಂಬುವುದರೊಳಗೆ ಸಂಗಬಸವನದೊಡ್ಡಿ ಬಳಿಯ ಕೆಳಸೇತುವೆ ಒಂದು ರಾತ್ರಿಯ ಅಕಾಲಿಕ ಮಳೆಗೆ ಮುಳುಗಿದಾಗ ಹೆದ್ದಾರಿ ಪ್ರಾಧಿಕಾರ ಕೊಟ್ಟ ವಿವರಣೆ ಗಮನಿಸಬೇಕಾದದ್ದು: ಓಡಾಡಲು ದಾರಿ ಮಾಡಿಕೊಳ್ಳಲೆಂದು ಊರವರು ಚರಂಡಿಗೆ ಮೂರು ಮೀಟರ್ ಅಗಲಕ್ಕೆ ಮಣ್ಣು ತುಂಬಿದ್ದರು ಎಂಬುದು. ಆ ವಿವರಣೆಯನ್ನು ಒಪ್ಪುವುದು ಬಿಡುವುದು ಬೇರೆ ವಿಷಯ. ಸಾವಿರಾರು ಕೋಟಿಯ ರಸ್ತೆಯ ನೀರಿನ ದಾರಿ ತಪ್ಪಿಸಲು ಮೂರು ಮೀಟರ್ ಮಣ್ಣು ಸಾಕು ಎಂಬುದನ್ನು ಪ್ರಾಧಿಕಾರವೇ ಒಪ್ಪಿಕೊಂಡಂತಾಯಿತು. ಆ ಮಣ್ಣನ್ನು ಸಲಿಕೆ ತಂದಿತೋ ಮಳೆ ತಂದಿತೋ, ಚರಂಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕೆರೆ ಹೂಳು ರೈತನಿಗೆ ಗೊಬ್ಬರವಲ್ಲವೇ, ಬರಲಿ ಬಿಡಿ ಅನ್ನುವುದು ಎರಡನೆಯ ಮಾತು. ಬೇಸಗೆಯಲ್ಲಿ ಗೋಡು ಹೊಡೆದು ಹೊಲಕ್ಕೆ ಹರಡುವುದು ಈ ಸೀಮೆಯ ಹಳೆಯ ರೂಢಿ, ಒಳ್ಳೆಯ ರೂಢಿ. ಆದರೆ ಗೋಡಿಗೆ ಆ ಬೆಲೆ ಬಂದದ್ದು ಅದು ಹೊಲದ ಮೇಲ್ಮಣ್ಣಾದ್ದರಿಂದ, ಸಗಣಿ, ಎಲೆ, ಬೇರು ಕೊಳೆತು ಸೇರಿದ್ದರಿಂದ. ತಳಪಾಯದ ಗುಂಡಿಯಿಂದ ಬರುವುದು ಎರಡು ಮೂರು ಮೀಟರ್ ಕೆಳಗಿನ ಗರಸು. ಅದರಲ್ಲಿ ಜೀವಾಂಶ ಇಲ್ಲವೆನ್ನುವಷ್ಟು ಕಡಿಮೆ, ಜೊತೆಗೆ ಸಿಮೆಂಟ್ ತೊಳೆದ ನೀರು, ಎಂ-ಸ್ಯಾಂಡ್ ಹುಡಿ. ಇಂಥದ್ದು ಮೇಲೆ ಪದರ ಕಟ್ಟಿದ ಕೆರೆಯಿಂದ ಗೋಡು ಹೊಡೆದವನು ತನ್ನ ಹೊಲಕ್ಕೆ ಗರಸು ಹೊಡೆದಂತೆ. ಹೂಳನ್ನು ಆಮೇಲೆ ಎತ್ತಿಸಿದರಾಯಿತು ಎಂಬ ವಾದಕ್ಕೂ ಇಲ್ಲೇ ಉತ್ತರವಿದೆ. ಹೊಂಡದಲ್ಲಿ ಒಂದು ಟ್ರ್ಯಾಕ್ಟರ್ ಲೋಡು ಮಣ್ಣು ಒಂದೇ ಕಡೆ, ಒಣಗಿದಾಗ, ಜೆಸಿಬಿಯ ಕೈಗೆಟಕುವಂತೆ ಇರುತ್ತದೆ. ಅಲ್ಲೇ ತಗ್ಗಿಗೆ ತುಂಬಬಹುದು. ಕೆರೆಯಲ್ಲಿ ಅದು ಎಕರೆಗಟ್ಟಲೆ ತೆಳುವಾಗಿ ಹರಡಿರುತ್ತದೆ, ಎತ್ತಲು ಕೆರೆ ಒಣಗುವವರೆಗೆ ಕಾಯಬೇಕು, ಖರ್ಚು ಪಂಚಾಯಿತಿಯದೋ ಸರ್ಕಾರದ್ದೋ. ಭರಾಟೆಯಲ್ಲಿ ತಳದ ಹಳೇ ಜೇಡಿಯನ್ನೂ ಕಿತ್ತರೆ ಕೆರೆಯಲ್ಲಿ ನೀರೇ ನಿಲ್ಲದೆ ಸೋರಿಹೋಗುತ್ತದೆ. ಮಣ್ಣು ಹೊರಟ ಜಾಗಕ್ಕೆ ಹತ್ತಿರವಾದಷ್ಟೂ ಅದನ್ನು ಹಿಡಿಯುವುದು ಅಗ್ಗ, ದೂರವಾದಷ್ಟೂ ತುಟ್ಟಿ, ಮತ್ತು ದೂರ ಹೋದಂತೆಲ್ಲ ಬಿಲ್ಲು ಬೇರೆಯವರ ಹೆಸರಿಗೆ ಹೋಗುತ್ತದೆ. ಮಾಗಡಿ ತಾಲ್ಲೂಕಿನಲ್ಲಿ ಅರ್ಕಾವತಿ–ಕುಮುದ್ವತಿ ಕೂಡುವಲ್ಲಿ 1933ರಿಂದ ನಿಂತಿರುವ ತಿಪ್ಪಗೊಂಡನಹಳ್ಳಿ ಜಲಾಶಯ, ಕೆಳಗಿನ ಮಂಚನಬೆಲೆ, ಕನಕಪುರದ ಹಾರೋಬೆಲೆ, ಅತ್ತ ಕಣ್ವ: ಕೆರೆಗಳು ಕೈಚೆಲ್ಲಿದ್ದನ್ನು ಹಿಡಿದುಕೊಳ್ಳಬೇಕಾದವು ಇವೇ. ಇವುಗಳ ಹೂಳನ್ನು ಎತ್ತಿಸುತ್ತೇವೆ ಎಂದು ಹೇಳುವುದು ಸುಲಭ.

ಸ್ವಲ್ಪ ದಿನದ ತೊಂದರೆಗೆ ಇಷ್ಟು ರಾದ್ಧಾಂತವೇ ಎಂಬ ಪ್ರಶ್ನೆಗೆ ಗಾರ್ಡನ್ ವೊಲ್ಮನ್ 1967ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಹೇಳುತ್ತದೆ. ಆತ ನೋಡಿದ್ದು ಅಮೆರಿಕದ ಮೇರಿಲ್ಯಾಂಡಿನ ಪೀಡ್‌ಮಾಂಟ್ ಸೀಮೆ. ಅಲ್ಲಿಯೂ ನಮ್ಮ ಹಾಗೆ ಪುರಾತನ ಹರಳುಗಲ್ಲು ಶಿಥಿಲವಾಗಿ ಆದ ಕೆಂಪು ಮಣ್ಣು. ಕಾಡಿದ್ದ ಕಾಲದಲ್ಲಿ ಚದರ ಮೈಲಿಯಿಂದ ವರ್ಷಕ್ಕೆ ಹೊರಡುತ್ತಿದ್ದ ಮಣ್ಣು ನೂರು ಟನ್ನಿನ ಒಳಗೆ, ಬೇಸಾಯದ ಕಾಲದಲ್ಲಿ ಕೆಲವು ನೂರು ಟನ್. ಕಟ್ಟಡ ಏಳುವ ಹಂತದಲ್ಲಿ ಅದು ಸಾವಿರಗಳಿಗೆ ಏರಿ, ಪೂರ್ತಿ ಬಗೆದ ಸಣ್ಣ ಪ್ರದೇಶಗಳಲ್ಲಿ ಲಕ್ಷ ಟನ್ನಿನ ಮಟ್ಟ ಮುಟ್ಟುತ್ತಿತ್ತು. ಊರು ಕಟ್ಟಿ ಮುಗಿದು ಡಾಂಬರು, ಸಿಮೆಂಟು, ಹುಲ್ಲುಹಾಸು ನೆಲ ಮುಚ್ಚಿದ ಮೇಲೆ ಮತ್ತೆ ಕುಸಿಯಿತು. ಅವಧಿ ಒಂದೆರಡು ವರ್ಷ, ಮಣ್ಣು ಮಾತ್ರ ಹಲವು ದಶಕಗಳ ಬೇಸಾಯದ್ದು. ತಾತ್ಕಾಲಿಕ ಹೊಂಡ ಸಾಕಾಗುವುದೂ ಇದೇ ಕಾರಣಕ್ಕೆ. ಜಾಗದ ಬೆಲೆಯ ತಕರಾರೂ ಇಲ್ಲಿಗೆ ಸಡಿಲವಾಗುತ್ತದೆ. ಹೆಕ್ಟೇರಿಗೆ 230 ಚದರ ಮೀಟರ್ ಅಂದರೆ ನೂರಕ್ಕೆ ಎರಡೂಕಾಲು ಪಾಲು. ಲೇಔಟಿನಲ್ಲಿ ಪಾರ್ಕಿಗೆಂದು ಹೇಗೂ ಬಿಡಬೇಕಾದ ಜಾಗ ಅದಕ್ಕಿಂತ ಹೆಚ್ಚು, ಅದನ್ನು ತಗ್ಗಿನ ಮೂಲೆಯಲ್ಲಿ ಬಿಟ್ಟರೆ ಕೆಲಸ ಮುಗಿಯುವವರೆಗೆ ಹೊಂಡ, ಆಮೇಲೆ ಹೂಳು ತೆಗೆದು ಇಂಗುಗುಂಡಿಯೋ ಪಾರ್ಕೋ. ಬಂಡೆ ಮೇಲೇ ಇರುವ ಕಡೆ ತೋಡಲಾಗದು ಅನ್ನುತ್ತಾರೆ. ತೋಡುವುದು ಬೇಡ, ಇಳಿಜಾರಿನ ಕೆಳಗೆ ಗಟ್ಟಿಸಿದ ಏರಿ ಹಾಕಿದರೆ ಸಾಕು. ಈ ಬೆಟ್ಟಸೀಮೆಯ ಕೆರೆಗಳೆಲ್ಲ ಆದದ್ದು ಹಾಗೆಯೇ.

ಹಗುರವಾಗಿ ತಳ್ಳಿಹಾಕಲಾಗದ ಆಕ್ಷೇಪ ಒಂದಿದೆ, ಅದು ಮಕ್ಕಳದು. ಕೃಷಿಹೊಂಡಕ್ಕೆ ಬಿದ್ದ ಮಕ್ಕಳ ಸುದ್ದಿ ಬಾರದ ವರ್ಷವಿಲ್ಲ. ಕಟ್ಟಡ ಸೈಟೆಂದರೆ ಶೆಡ್ಡುಗಳಲ್ಲಿ ಕೂಲಿಯವರ ಸಂಸಾರ ಇರುವ ಜಾಗ, ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿರುವಾಗ ಮಕ್ಕಳು ಆಡುವ ಜಾಗ. ಕೃಷಿಹೊಂಡ ಕೊಲ್ಲುವುದು ಅದರ ಆಳದಿಂದ ಮತ್ತು ಕಾಲು ನಿಲ್ಲದ ಪ್ಲಾಸ್ಟಿಕ್ ಹಾಸಿನ ಜಾರು ಗೋಡೆಯಿಂದ. ಅಗಲದ ಪರವಾದ ವಾದ ಇಲ್ಲಿ ಇನ್ನೊಂದು ಬಲ ಪಡೆಯುತ್ತದೆ: ಮೀಟರ್ ಆಳ, ಮೂರಡಿಗೆ ಒಂದಡಿ ಇಳಿಯುವ ಓರೆ ದಡ, ಎರಡು ದಿನಕ್ಕೆ ಖಾಲಿಯಾಗುವ ನೀರು. ಆದರೂ ಮೀಟರ್ ನೀರು ಮೂರು ವರ್ಷದ ಮಗುವಿಗೆ ಆಳವೇ, ತಳದ ಕೆಸರು ದೊಡ್ಡವರ ಕಾಲನ್ನೂ ಹಿಡಿಯುತ್ತದೆ. ಬೇಲಿ ಹಾಕಲು ಒಪ್ಪದ ಕಂತ್ರಾಟುದಾರನಿಗೆ ಹೊಂಡ ತೋಡಲು ಹೇಳಲೇಬಾರದು. ಇದರಲ್ಲಿ ರಾಜಿ ಇಲ್ಲ. ಸೊಳ್ಳೆಯ ಚಿಂತೆ ಇದಕ್ಕೆ ಹೋಲಿಸಿದರೆ ಚಿಕ್ಕದು. ಮೊಟ್ಟೆಯಿಂದ ರೆಕ್ಕೆವರೆಗೆ ಅದಕ್ಕೆ ಒಂದು ವಾರವಾದರೂ ಬೇಕು, ಹೊಂಡ ಅಷ್ಟು ಹೊತ್ತು ಕಾಯುವುದಿಲ್ಲ. ತೇಲುಬಾಯಿ ಕೆಟ್ಟು ನೀರು ನಿಂತರೆ ಕಾಯುತ್ತದೆ, ಅದು ಬೇರೆ ಮಾತು.

ಕಾನೂನಿನ ಅಳತೆಗೋಲಿನಲ್ಲಿ ಒಂದು ವಿಚಿತ್ರವಿದೆ. ನಮ್ಮಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕಟ್ಟಡವೊಂದಕ್ಕೆ ಮುಂಗಡ ಪರಿಸರ ಅನುಮತಿ ಬೇಕಾಗುವುದು ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದಾಗ. ಅಮೆರಿಕದಲ್ಲಿ ಲೆಕ್ಕಕ್ಕೆ ಬರುವುದು ಬಗೆದ ನೆಲ, ಒಂದು ಎಕರೆ ದಾಟಿದರೆ ಸಾಕು. ಕಟ್ಟಿದ್ದನ್ನು ಅಳೆಯುವ ನಿಯಮಕ್ಕೆ ಹತ್ತು ಅಂತಸ್ತಿನ ಗೋಪುರ ಕಾಣುತ್ತದೆ; ಐದೆಕರೆ ಬೋಳುಮಾಡಿ, ರಸ್ತೆ ಎಳೆದು, ಕಲ್ಲು ನೆಟ್ಟು, ಮಾರುವವರೆಗೆ ಎರಡು ಮಳೆಗಾಲ ಹಾಗೇ ಬಿಟ್ಟ ಲೇಔಟ್ ಕಾಣುವುದೇ ಇಲ್ಲ, ಅಲ್ಲಿ ನಿರ್ಮಿತ ವಿಸ್ತೀರ್ಣ ಸೊನ್ನೆ. ಮಣ್ಣಿನ ಮಟ್ಟಿಗೆ ಎರಡನೆಯದೇ ಕೇಡು. ಅಮೆರಿಕದವರೂ ಎಡವಿದ್ದಾರೆ ಎಂದು ಇದಕ್ಕೆ ಪ್ರತಿವಾದ ಬರಬಹುದು: ಹೊರಬಿಡುವ ನೀರಿನ ಕಲಕುತನಕ್ಕೆ 2009ರಲ್ಲಿ 280 ಮಾನದ ಮಿತಿ ಗೊತ್ತುಮಾಡಿ, ಬಿಲ್ಡರುಗಳ ತಕರಾರಿನ ನಂತರ 2014ರಲ್ಲಿ ಅದನ್ನು ಕೈಬಿಟ್ಟರು. ಕೈಬಿಟ್ಟದ್ದು ಆ ಸಂಖ್ಯೆಯನ್ನು. ಹೊಂಡ, ಮೇಲ್ಮೈಯ ಬಾಯಿ, ನೆಲ ಹೊದಿಸುವ ಕೆಲಸ ನಿಯಮದಲ್ಲಿ ಉಳಿದವು. ಕಲಕುತನ ಅಳೆಯಲು ಉಪಕರಣ ಬೇಕು, ಬಾಯಿ ಮೇಲಿದೆಯೋ ಕೆಳಗಿದೆಯೋ ನೋಡಲು ಕಣ್ಣು ಸಾಕು. ನಮ್ಮ ಪಂಚಾಯಿತಿ, ನಗರಸಭೆಗಳಿಗೆ ಹೊಂದುವುದು ಎರಡನೆಯ ಬಗೆಯ ನಿಯಮವೇ ಎಂದು ನನಗನ್ನಿಸುತ್ತದೆ. ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ, ಉಪನಗರ ವರ್ತುಲ ರಸ್ತೆ ಕನಕಪುರ, ರಾಮನಗರ, ಮಾಗಡಿಗಳನ್ನು ಪೋಣಿಸಿಕೊಂಡು ಹೋಗುತ್ತಿದೆ. ಹೆಸರಿನ ಹಿಂದೆಯೇ ಸೈಟುಗಳು ಬರುತ್ತವೆ.

ಉಳಿದದ್ದು ಕೆಲಸದ ಸರದಿ. ಭರಣಿ, ಕೃತ್ತಿಕೆ ಮಳೆಗೆ ಹೊಲ ಹದಮಾಡಿದ ರೈತನ ನೆಲ ಉತ್ತರೆ, ಹಸ್ತದ ಹೊತ್ತಿಗೆ ರಾಗಿಯ ಹಸಿರಿನಡಿ ಮುಚ್ಚಿಕೊಂಡಿರುತ್ತದೆ. ವರ್ಷದ ಜೋರು ಮಳೆ ಬರುವುದೇ ಆಗ. ಸೈಟಿನ ನೆಲ ಆಗಲೂ ಬೋಳು. ಹಾಗಾಗಿ ಜೆಸಿಬಿ ಬಂದ ಮೊದಲ ದಿನದ ಕೆಲಸ ತಗ್ಗಿನ ಮೂಲೆಯ ಹೊಂಡವಾಗಬೇಕು. ಗಿಡ ಕೀಳುವುದು, ಮಟ್ಟ ಮಾಡುವುದು ಅದಾದ ಮೇಲೆ. ಮೇಲಿನ ಹೊಲಗಳ ತಿಳಿನೀರು ಹೊಂಡಕ್ಕೆ ಬೀಳದಂತೆ ಬದು ಹಾಕಿ ಪಕ್ಕಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಲೆಕ್ಕ ಹಾಕಿದ 230 ಚದರ ಮೀಟರ್ ಯಾತಕ್ಕೂ ಸಾಲದು. ಏರಿಯೊಳಗೆ ಹಾಯುವ ಪೈಪಿನ ಸುತ್ತ ಮಣ್ಣನ್ನು ತೆಳು ಪದರಗಳಲ್ಲಿ ಗಟ್ಟಿಸಬೇಕು. ಏರಿ ಒಡೆಯುವುದು ಹೆಚ್ಚಾಗಿ ನೀರು ಪೈಪಿನ ಹೊರಮೈ ಹಿಡಿದು ನುಸುಳಿದಾಗ. ಲೆಕ್ಕ ಮೀರಿದ ಮಳೆಗೆ ಏರಿಯ ಒಂದು ಪಕ್ಕ ಕಲ್ಲು ಹಾಸಿದ ಕೋಡಿ ಇರಬೇಕು. ನೀರು ಒಳಬರುವ ಕಡೆ ಸಣ್ಣದೊಂದು ಗುಂಡಿ ಬೇರೆ ಮಾಡಿದರೆ ದಪ್ಪ ಮರಳು ಅಲ್ಲೇ ಬೀಳುತ್ತದೆ, ಮೇಸ್ತ್ರಿ ಅದನ್ನು ಜರಡಿ ಹಿಡಿದು ಉಪಯೋಗಿಸಿಕೊಂಡರೂ ಸರಿಯೇ. ಹೊಂಡದ ನಡುವೆ ಒಂದು ಗೂಟ ನೆಟ್ಟು ತಳದಿಂದ ಅರ್ಧದ ಎತ್ತರಕ್ಕೆ ಕೆಂಪು ಬಣ್ಣದ ಗೆರೆ ಎಳೆಯುತ್ತಾರೆ. ನೀರಿಳಿದ ಮೇಲೆ ಕೆಸರು ಆ ಗೆರೆಯನ್ನು ಮುಚ್ಚಿದ್ದರೆ ಹೂಳು ತೆಗೆಯಲು ಹೇಳಬೇಕು. ಇದನ್ನು ನೋಡಲು ಎಂಜಿನಿಯರ್ ಬರಬೇಕಿಲ್ಲ, ಸೈಟಿನ ವಾಚ್‌ಮನ್ ಪ್ರತಿ ಮಳೆಯ ಮಾರನೆಯ ದಿನ ಆ ಕಡೆ ಒಂದು ಸುತ್ತು ಹೋಗಿಬಂದರೆ ಆಯಿತು.